ಚಾಂದಮಾರಿಯಲ್ಲಿ ಚರಗ

ಎಳ್ಳಮವಾಸಿ ಹತ್ತಿರ ಬಂತೆಂದರೆ ನಮ್ಮ ಕಡೆ ಹಾದಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು, "ಈ ಸಲ ಯಾರ ಹೊಲಕ್ಕ ಹೊಂಟೀರಿ?" ಕೇಳುವವರಿಗೆ ಅದು ಊಟ ಆಯಿತೇ ಎಂದು ಕೇಳಿದಷ್ಟೇ ಸಲೀಸು. ಹೊಲ ಇಲ್ಲದ ಮನೆಯ ಹುಡುಗಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. "ನಮ್ಮ ಹೊಲಕ್ಕ" ಎಂದು ನಾನು ಗತ್ತಿನಿಂದ ಹೇಳುತ್ತಿದ್ದೆ. ನಿಮ್ಮ ಹೊಲ ಎಲ್ಲಿದೆ ಎಂದು ಮುಂದೆ ಕೇಳಿದರೆ ಭೀಮಾ ನದಿಯ ಕಡೆ ಕೈ ಮಾಡಿ ಓಟ ಕೀಳುತ್ತಿದ್ದೆ. ಪೂರ್ತಿ ಸುಳ್ಳೂ ಅಲ್ಲ ಅದು. ವರ್ಷಕ್ಕೊಂದು ದಿನ ನಮಗೂ ಹೊಲ ಇರುತ್ತಿತ್ತು.

ಈ ಹಬ್ಬ ಬರುವುದು ಚಳಿಗಾಲದ ನಡುವೆ. ಕರಿ ಮಣ್ಣಿನಲ್ಲಿ ಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ತೊಗರಿ ಕೊಯ್ಲಿಗೆ ಬಂದಿರುತ್ತದೆ. ಆ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಭಜ್ಜಿ. ಬೇರೆ ಕಡೆಯವರು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳುತ್ತಾರೆ, ಪಾಪ. ನಮ್ಮದು ಹೊಲದಲ್ಲಿ ಸಿಕ್ಕ ಸೊಪ್ಪು, ಹಸಿ ಕಾಳು ಎಲ್ಲವನ್ನೂ ಒಂದೇ ಗಡಿಗೆಗೆ ಹಾಕಿ, ಕಡಲೆ ಹಿಟ್ಟು, ಹುಣಸೆ ಹುಳಿ ಬಿಟ್ಟು ಕುದಿಸಿದ ಪಲ್ಯ. ಹೊಲದ ನಡುವೆ ಜೋಳದ ದಂಟಿನ ಸಣ್ಣ ಗುಡಿಸಲು, ಅದಕ್ಕೆ ಕೊಂಪಿ ಎನ್ನುತ್ತಾರೆ, ಕಟ್ಟಿ, ಒಳಗೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರು ಎಂದು ಪೂಜೆ ಮಾಡುತ್ತಾರೆ. ಆಮೇಲೆ ಚರಗ. ಮಾಡಿದ ಅಡಿಗೆಯಲ್ಲಿ ಎಲ್ಲದರದೂ ಒಂದಿಷ್ಟು ಬುಟ್ಟಿಯಲ್ಲಿ ಕಲಸಿಕೊಂಡು, ಬದುವಿನಗುಂಟ ಹೊಲಕ್ಕೆ ಪೂರ್ತಿ ಒಂದು ಸುತ್ತು ಹಾಕುತ್ತ ಬೆಳೆಯೊಳಗೆ ಚೆಲ್ಲುವುದು. ಭೂಮಿ ಉಂಡ ಮೇಲೆಯೇ ಮಂದಿ ಉಣ್ಣಬೇಕು.

ಹೊಲ ಇಲ್ಲದವರನ್ನು ಹೊಲ ಇದ್ದವರು ಊಟಕ್ಕೆ ಕರೆಯುತ್ತಾರೆ, ಅದು ನಮ್ಮ ನಾಡಿನ ದೊಡ್ಡ ಗುಣ ಎಂದು ಎಲ್ಲರೂ ಹೊಗಳುತ್ತಾರೆ. ಕರೆಯುತ್ತಿದ್ದರು, ನಿಜ. ಆದರೆ ನಮ್ಮ ಓಣಿಯವರು ಕೂಡ್ರುವ ಜಾಗ ಬೇರೆ, ಉಣ್ಣುವ ಹೊತ್ತು ಬೇರೆ. ಉಳಿದವರೆಲ್ಲ ಉಂಡು ಎದ್ದ ಮೇಲೆ ಬೇವಿನ ಗಿಡದ ಆಚೆ ನಮ್ಮ ಪಂಕ್ತಿ. ಅಪ್ಪ ಕರಜಗಿಯ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದ ಮನುಷ್ಯ. ಮಾತು ಕಮ್ಮಿ, ಸಿಟ್ಟು ಜಾಸ್ತಿ. ಆ ಸಿಟ್ಟು ನನಗೂ ಬಂದಿದೆ, ಮಾತು ಮಾತ್ರ ಅವ್ವನ ಕಡೆಯಿಂದ ಧಾರಾಳವಾಗಿ ಬಂತು. ಮನೆಯಲ್ಲಿ ಬುದ್ಧನ ಫೋಟೊ ತಂದು ತೂಗುಹಾಕಿದ ವರ್ಷವೇ ಅಪ್ಪ ಹೇಳಿಬಿಟ್ಟನಂತೆ, "ಇನ್ನ ಮ್ಯಾಲೆ ಯಾರ ಹೊಲಕ್ಕೂ ಉಣ್ಣಾಕ ಹೋಗಂಗಿಲ್ಲ."

ಅವ್ವ ಅತನೂರಿನ ಹೆಣ್ಣುಮಗಳು. ಆಕೆಗೆ ಊಟದ ಚಿಂತೆ ಇರಲಿಲ್ಲ, ಚರಗದ ಚಿಂತೆ. "ನಾವು ಉಣ್ಣದಿದ್ರ ನಡೀತದ್ರಿ. ಮಣ್ಣಿಗಿ ಉಣಸಬೇಕಲ್ಲ? ವರ್ಷಾನಗಟ್ಲೆ ಅದ್ರಾಗ ದುಡೀತೀವಿ, ಅದು ಯಾರದರೆ ಇರಲಿ" ಎಂದು ಹಟ ಹಿಡಿದಳು. ಹಟ ಹಿಡಿದವಳಿಗೆ ಕಂಡದ್ದು ಚಾಂದಮಾರಿ.

ಚಾಂದಮಾರಿ ಎಂದರೆ ಸಿಪಾಯಿಗಳು ಗುರಿಯಿಟ್ಟು ಗುಂಡು ಹೊಡೆಯಲು ಕಲಿಯುವ ಮೈದಾನ. ನಮ್ಮೂರಿನ ಆಚೆ, ಭೀಮಾ ದಂಡೆಯ ಎತ್ತರದ ಬೋರೆಯ ಮೇಲೆ ಅದಿತ್ತು. ನಿಜಾಮನ ಕಾಲದಲ್ಲಿ ಅಲ್ಲಿ ಲಷ್ಕರು ಬೀಡು ಬಿಟ್ಟಿತ್ತಂತೆ, ಆಮೇಲೂ ಕೆಲವು ವರ್ಷ ಬಂದೂಕಿನ ಸದ್ದು ಕೇಳುತ್ತಿತ್ತಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಬಂದೂಕೂ ಇಲ್ಲ, ಸಿಪಾಯಿಯೂ ಇಲ್ಲ. ಚಾವಣಿ ಹಾರಿಹೋದ ಕಲ್ಲಿನ ಕೋಣೆಗಳ ಸಾಲು, ಗುಂಡು ತಡೆಯಲು ಕಟ್ಟಿದ ಉದ್ದನೆಯ ಮಣ್ಣಿನ ದಿಬ್ಬ, ದಿಬ್ಬಕ್ಕೆ ಎದುರಾಗಿ ಒಂದರ ಹಿಂದೊಂದು, ಸಿಪಾಯಿಗಳು ಮಲಗಿ ಗುರಿ ಹಿಡಿಯುತ್ತಿದ್ದ ಮಣ್ಣಿನ ಕಟ್ಟೆಗಳು. ಇಷ್ಟೇ ಉಳಿದಿತ್ತು. ಸುತ್ತಮುತ್ತ ಒಂದಂಗುಲ ಬಿಡದೆ ಉಳುವ ಮಂದಿ ಅದನ್ನು ಮುಟ್ಟಿರಲಿಲ್ಲ. ನೇಗಿಲಿಗೆ ತೋಟಾ ಸಿಕ್ಕು ಸಿಡಿದೀತು ಎಂಬ ಅಂಜಿಕೆ ಒಂದು, ಸರ್ಕಾರದ ಜಾಗ ಎಂಬ ಅಂಜಿಕೆ ಇನ್ನೊಂದು. ಮೀನು ಹಿಡಿಯುವವರು ಮಾತ್ರ ಕದ್ದು ದಿಬ್ಬ ಕೆದರಿ, ಸಿಕ್ಕ ಸೀಸದ ಗುಂಡುಗಳನ್ನು ಕರಗಿಸಿ ಬಲೆಯ ಅಂಚಿಗೆ ಭಾರ ಕಟ್ಟಿಕೊಳ್ಳುತ್ತಿದ್ದರು. ಯಾರೂ ಉಳದೆ ಇದ್ದದ್ದರಿಂದ ಅಲ್ಲಿ ಹುಲ್ಲು ಇತ್ತು. ಸೊಂಟದವರೆಗೆ ಬರುವ, ಚಳಿಗಾಲಕ್ಕೆ ಹಳದಿ ತಿರುಗುವ ಹುಲ್ಲು, ಅದರೊಳಗಿಂದ ಕಾಲ ಬುಡದಲ್ಲೇ ಭರ್ರನೆ ಏಳುವ ಲಾವಗಿ ಹಕ್ಕಿಗಳು.

ಮೊದಲ ವರ್ಷ ಅವ್ವ ಅಲ್ಲಿ ಐದು ಕಲ್ಲು ಆರಿಸಿ ತಂದು ಸುಣ್ಣ ಬಳಿಯಲು ಕೂತಾಗ ಅಪ್ಪ ತಕರಾರು ತೆಗೆದನಂತೆ. "ಪಾಂಡವರು ಗೀಂಡವರು ನಮಗ ಬ್ಯಾಡ. ಬಿಟ್ಟದ್ದು ಬಿಟ್ಟೀವಿ."

ಅವ್ವ ತಲೆ ಎತ್ತದೆ ಸುಣ್ಣ ಬಳಿಯುತ್ತಲೇ, "ಇವು ಪಾಂಡವರಂತ ಯಾರ ಹೇಳಿದ್ರು? ಪಂಚಶೀಲ ಅನ್ಕೋರಿ" ಎಂದಳಂತೆ.

ಶೀಲ ಐದು, ಕಲ್ಲು ಐದು, ಲೆಕ್ಕ ಸರಿಯಾಗಿದೆ, ಅಪ್ಪ ಏನು ಹೇಳುತ್ತಾನೆ? ಆಮೇಲಿನ ವರ್ಷಗಳಲ್ಲಿ ಕಲ್ಲು ಆರಿಸುವ ಕೆಲಸ ಆತನೇ ಮಾಡುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಂಡಗಿನ ಕಲ್ಲೇ ಆಗಬೇಕು, ಒಂದರಷ್ಟೇ ಇನ್ನೊಂದು ಇರಬೇಕು ಎಂದು ನದಿಯವರೆಗೆ ಹೋಗಿ ಹುಡುಕಿ ತರುತ್ತಿದ್ದ.

ನಮ್ಮ ಜೊತೆ ಪಕ್ಕದ ಮುಸಲ್ಮಾನರ ಮನೆಯ ಖಾಲಾ ಬರುತ್ತಿದ್ದಳು. ಕೊಳಕೂರು ಆಕೆಯ ತವರು. ಕೌದಿ ಹೊಲಿದು ಬದುಕುವ ಹೆಂಗಸು, ಗಂಡ ಬೇಗ ತೀರಿಕೊಂಡಿದ್ದ, ಹೊಲ ಆಕೆಗೂ ಇಲ್ಲ. ಹಬ್ಬ ಆಕೆಯದಲ್ಲವಲ್ಲ ಎಂದು ನಾವು ಯಾರೂ ಯೋಚನೆ ಮಾಡಿದ್ದಿಲ್ಲ, ಆಕೆಯೂ ಮಾಡಿದ್ದಿಲ್ಲ. ಡಬ್ಬಿಯಲ್ಲಿ ಖಿಚಡಿ ತರುತ್ತಿದ್ದಳು. ಅದರಲ್ಲೂ ಒಂದು ಹಿಡಿ ಚರಗದ ಬುಟ್ಟಿಗೆ ಬೀಳುತ್ತಿತ್ತು. "ಜಮೀನ್ ಕು ಕ್ಯಾ ಮಾಲೂಮ್ ಕೌನ್ ಪಕಾಯಾ" ಎನ್ನುತ್ತಿದ್ದಳು. ಯಾರು ಬೇಯಿಸಿದ್ದೆಂದು ಮಣ್ಣಿಗೇನು ಗೊತ್ತು ಎಂದು. ಅವ್ವ ಅದಕ್ಕೆ "ಉಪ್ಪು ಜಾಸ್ತಿ ಆದ್ರ ಗೊತ್ತಾಗ್ತದ ಬೇ" ಎಂದು ಕಾಲೆಳೆಯುತ್ತಿದ್ದಳು.

ಹೊಲವಾದರೆ ಬದು ಇರುತ್ತದೆ. ಚಾಂದಮಾರಿಗೆ ಎಲ್ಲಿಯ ಬದು? ಅವ್ವ ತನ್ನಷ್ಟಕ್ಕೆ ತಾನೇ ಒಂದು ಬದು ಹಾಕಿಕೊಂಡಿದ್ದಳು. ಕಲ್ಲಿನ ಕೋಣೆಗಳಿಂದ ಹೊರಟು ನದಿಯ ಅಂಚಿಗೆ, ಅಲ್ಲಿಂದ ದಿಬ್ಬದ ಬೆನ್ನಿಗೆ, ದಿಬ್ಬ ಬಳಸಿ ಮತ್ತೆ ಕೋಣೆಗಳಿಗೆ. ಮುಂದೆ ಅಪ್ಪ ತಂಬಿಗೆಯಿಂದ ನೀರು ಚಿಮುಕಿಸುತ್ತ, ಹಿಂದೆ ಅವ್ವ ಚರಗ ಚೆಲ್ಲುತ್ತ, ಅವಳ ಹಿಂದೆ ಖಾಲಾ, ಕಟ್ಟಕಡೆಗೆ ನಾನು. ಮುಂದಿನವರು "ಹುಲ್ಲುಲ್ಲಿಗೋ" ಎಂದರೆ ಹಿಂದಿನವರು "ಸಲಾಂಬ್ರಿಗೋ" ಎನ್ನಬೇಕು. ಅದರ ಅರ್ಥ ಇವತ್ತಿಗೂ ಯಾರೂ ನನಗೆ ಸರಿಯಾಗಿ ಹೇಳಿಲ್ಲ, ಹೇಳುವುದೂ ಬೇಡ. ಆ ಸುತ್ತಿನೊಳಗೆ ಬಿದ್ದ ನೆಲವೆಲ್ಲ ಆ ಹೊತ್ತಿಗೆ ನಮ್ಮದು. ಎಲ್ಲಿಂದ ಎಲ್ಲಿಯವರೆಗೆ ನಮ್ಮದು ಎಂದು ಕಾಲಿನಿಂದಲೇ ಗೆರೆ ಎಳೆದುಕೊಂಡು ಬರುತ್ತಿದ್ದೆವು. ಹೊಲ ಇದ್ದವರಿಗೆ ಇದರ ರುಚಿ ತಿಳಿಯುವುದಿಲ್ಲ. ಅವರು ತಮ್ಮ ಹೊಲದಲ್ಲಿ ಅಡ್ಡಾಡುತ್ತಾರೆ, ನಾವು ಅಡ್ಡಾಡಿದ್ದಕ್ಕೆ ಅದು ಹೊಲವಾಗುತ್ತಿತ್ತು.

ನಮ್ಮನ್ನು ನೋಡಿ ಮುಂದಿನ ವರ್ಷಗಳಲ್ಲಿ ಓಣಿಯ ಬೇರೆ ಮನೆಯವರೂ ಬರಹತ್ತಿದರು. ಒಂದೊಂದು ಮನೆಯವರು ಸಿಪಾಯಿಗಳ ಒಂದೊಂದು ಕಟ್ಟೆ ಹಿಡಿದರು. ಅಷ್ಟು ಹುಲ್ಲಿನ ನಡುವೆ ಕೂತು ಉಣ್ಣಲು ಸಮತಟ್ಟಾದ ಜಾಗ ಅವೇ. ಪ್ರತಿ ಕಟ್ಟೆಯ ಮೇಲೂ ಐದು ಕಲ್ಲು, ಕಲ್ಲಿಗೆ ಸುಣ್ಣ. ಹಬ್ಬ ಮುಗಿದ ಮೇಲೆ ಕೊಂಪಿ ಗಾಳಿಗೆ ಹಾರಿಹೋಗುತ್ತಿತ್ತು, ಕಲ್ಲು ಅಲ್ಲೇ ಉಳಿಯುತ್ತಿದ್ದವು. ಒಂದು ಸಲ ಅಪ್ಪ ಕಟ್ಟೆಯ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಇಲ್ಲಿ ಯಾರೂ ನಮಗ ಏಳ್ರಿ ಅನ್ನಂಗಿಲ್ಲ ನೋಡು" ಎಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ, ನನಗಂತೂ ಕೇಳಿಸಿತು. ಆ ಮಧ್ಯಾಹ್ನ ಈಗಲೂ ನನಗೆ ಬೇಕು. ಬೇಕೆಂದರೆ ಬಾಯಲ್ಲಿ ನೀರು ಬರುವಷ್ಟು, ಕಣ್ಣಲ್ಲಿಯೂ ಬರುವಷ್ಟು ಬೇಕು.

ಅಪ್ಪ ತೀರಿಕೊಂಡ. ಖಾಲಾ ಮಗಳ ಮನೆಗೆಂದು ಆಳಂದಕ್ಕೆ ಹೋದಳು. ನನಗೆ ಕಲಬುರಗಿಯಲ್ಲಿ ಕೆಲಸ ಸಿಕ್ಕಿತು, ಅವ್ವ ನನ್ನ ಜೊತೆ ಬಂದಳು. ಅಷ್ಟರೊಳಗೆ ಚಾಂದಮಾರಿಗೆ ಬಳ್ಳಾರಿ ಜಾಲಿ ಹೊಕ್ಕು ಕಾಲಿಡಲು ಜಾಗ ಇಲ್ಲದಂತೆ ಮುಳ್ಳಿನ ಕಾಡಾಗಿತ್ತು. ಊರವರು ಕಸ ತಂದು ಸುರಿಯುತ್ತಿದ್ದರು. ಎಳ್ಳಮವಾಸಿಗೆ ಅವ್ವ ಮನೆಯಲ್ಲಿ ಎಲ್ಲ ಅಡಿಗೆ ಮಾಡಿ, ಬುಟ್ಟಿ ಹಿಡಿದು ಮಾಳಿಗೆ ಹತ್ತಿ, ಕುಂಡದೊಳಗಿನ ತುಳಸಿಗೆ, ಕರಿಬೇವಿಗೆ ಒಂದೊಂದು ಚಿಟಿಕೆ ಉದುರಿಸಿ ಇಳಿದು ಬರುತ್ತಿದ್ದಳು. "ಆತೇನು?" ಎಂದರೆ "ಕುಂಡಕ್ಕ ಏನ್ ಹಸಿವಿ ಬೇ, ದಿನಾ ನೀರ ಕುಡೀತಾವ" ಎಂದು ಉಂಗುಟದಿಂದ ನೆಲ ಕೆರೆಯುತ್ತ ಕೂತುಬಿಡುತ್ತಿದ್ದಳು.

ನನ್ನ ಕೆಲಸ ನಕ್ಷೆ ಬರೆಯುವುದು. ಪಾಳುಬಿದ್ದ ಜಾಗಗಳನ್ನು, ಮುಚ್ಚಿದ ಕಲ್ಲಿನ ಗಣಿ, ಬತ್ತಿದ ಕೆರೆ ಇಂಥವನ್ನು ನೆಲಕ್ಕೆ ಏಟಾಗದ ಹಾಗೆ ಮತ್ತೆ ಬಳಕೆಗೆ ತರುವ ಒಂದು ಸಣ್ಣ ತಂಡ ನಮ್ಮದು. ಒಂದು ದಿನ ಹೊಸ ಕೆಲಸ ಬಂತು ಎಂದು ಮೇಜಿನ ಮೇಲೆ ಹಾಳೆ ಬಿಚ್ಚಿದರು. ಭೀಮಾ ದಂಡೆ, ಹಳೆಯ ಲಷ್ಕರಿನ ಜಾಗ. ನದಿಯ ತಿರುವು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಎದ್ದು ಹೋಗಿ ನೀರು ಕುಡಿದು ಬಂದೆ.

ತಂಡದ ಹಿರಿಯರು ಕರಾವಳಿಯವರು. ಕಡಲಂಚಿನಲ್ಲಿ ಸೈನ್ಯ ಬಿಟ್ಟುಹೋದ ಹಳೆಯ ಠಾಣೆಯೊಂದನ್ನು, ಅದರ ಸುತ್ತ ಬರಡಾಗಿದ್ದ ಉಸುಕಿನ ನೆಲವನ್ನು ಮತ್ತೆ ಹಸಿರು ಮಾಡಿ ಬಂದವರು. ಅಲ್ಲಿ ಸಿಮೆಂಟ್ ಸುರಿಯದೆ, ಹೋಟೆಲ್ ಕಟ್ಟದೆ, ಉಸುಕಿನಲ್ಲಿ ತಾನೇ ಹಬ್ಬುವ ಬಳ್ಳಿಗಳನ್ನೇ ಹಬ್ಬಿಸಿ ದಂಡೆ ಉಳಿಸಿದ್ದರಂತೆ. "ಸಮುದ್ರವಾದರೂ ಅಷ್ಟೆ, ಭೀಮೆಯಾದರೂ ಅಷ್ಟೆ ಮೇಡಂ. ದಂಡೆಗೆ ಬೇಕಾದದ್ದು ದಂಡೆಗೇ ಗೊತ್ತಿರ್ತದೆ" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ನಮ್ಮ ಬಿಸಿಲಿಗೆ ಟೊಮೆಟೊ ಹಣ್ಣಿನಂತಾಗಿ, ದಿನಕ್ಕೆ ಎರಡು ಸಲ ಅಂಗಿ ಬದಲಿಸಿಕೊಂಡು, ಆದರೂ ಜಾಲಿ ಮುಳ್ಳಿನೊಳಗೆ ನಮಗಿಂತ ಮುಂದೆ ನುಗ್ಗುತ್ತಿದ್ದರು.

ಯೋಜನೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಜಾಲಿ ಬೇರು ಸಮೇತ ಕೀಳುವುದು. ದಿಬ್ಬದ ಮಣ್ಣು ಜರಡಿ ಹಿಡಿದು ಸೀಸ ಬೇರೆ ಮಾಡುವುದು, ಯಾಕೆಂದರೆ ಅದು ಮಳೆಯ ನೀರಿನ ಜೊತೆ ನದಿಗೆ ಇಳಿದರೆ ವಿಷ. ಹಳೆಯ ಹುಲ್ಲಿನ ಬೀಜ ಎಲ್ಲೆಲ್ಲಿ ಉಳಿದಿದೆಯೋ ಅಲ್ಲಿಂದ ತಂದು ಬಿತ್ತುವುದು. ಬಿದ್ದ ಗೋಡೆಯ ಕಲ್ಲನ್ನೇ ಎತ್ತಿ ಕೋಣೆ ನಿಲ್ಲಿಸಿ ಮಕ್ಕಳಿಗೆ ಹಕ್ಕಿ ತೋರಿಸುವ ಶಾಲೆ ಮಾಡುವುದು. ಶಹಾಬಾದಿ ಫರಸಿ ಕಲ್ಲಿನ ಕಾಲುದಾರಿ ಬಿಟ್ಟರೆ ಹೊಸದೇನೂ ಕಟ್ಟುವಂತಿಲ್ಲ, ಹಕ್ಕಿಗಳಿಗೆ ನಿದ್ದೆ ಬರಲಿ ಎಂದು ರಾತ್ರಿ ದೀಪವೂ ಇಲ್ಲ. ಇದನ್ನೆಲ್ಲ ನಾನೇ ಬರೆದು ಬಣ್ಣ ತುಂಬಿದೆ. ಹುಲ್ಲಿಗೆ ಹಳದಿ ಹಚ್ಚುವಾಗ ಯಾವ ಹಳದಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಜಾಲಿ ಕಡಿಯುತ್ತ ಹೋದಂತೆ ಒಂದು ದಿನ ಕಟ್ಟೆಗಳು ಹೊರಬಿದ್ದವು. ಹಿರಿಯರು ನನ್ನನ್ನು ಕೂಗಿ ಕರೆದರು. ಓಡಿ ಹೋಗಿ ನೋಡಿದರೆ, ಕಟ್ಟೆಯ ಮೇಲೆ ಮಾಸಿದ ಸುಣ್ಣದ ಐದು ಕಲ್ಲು. ಆಚೆಯ ಕಟ್ಟೆಯ ಮೇಲೆ ಐದು. ಅದರಾಚೆಯದರ ಮೇಲೂ ಐದು. ಹಿರಿಯರು ಮೊಣಕಾಲೂರಿ ಕೂತು, ಕಲ್ಲಿನ ಮೇಲಿನ ಮಣ್ಣನ್ನು ಕರವಸ್ತ್ರದಿಂದ ಒರೆಸುತ್ತಿದ್ದರು.

"ನೋಡಿ ಮೇಡಂ, ಎಷ್ಟು ಶಿಸ್ತು! ಒಂದೊಂದು ಕಟ್ಟೆಗೆ ಐದು ಜನ ಬಂದೂಕುಗಾರರು. ಒಬ್ಬೊಬ್ಬರ ಜಾಗಕ್ಕೆ ಒಂದೊಂದು ಗುರುತಿನ ಕಲ್ಲು. ಸುಣ್ಣ ಹಚ್ಚಿದ್ದು ದೂರಕ್ಕೆ ಕಾಣಲಿ ಅಂತ. ಕಲ್ಲಿನ ಅಳತೆ ಸಹ ಒಂದೇ ಮಾರಾಯ್ರೆ. ಸೈನ್ಯ ಅಂದ್ರೆ ಸೈನ್ಯ."

ನನಗೆ ನಗು ಬಂತು. ಆಮೇಲೆ ಅಪ್ಪ ನದಿಯ ಅಂಚಿನಲ್ಲಿ ಬಗ್ಗಿ ಕಲ್ಲು ಆರಿಸುತ್ತಿದ್ದದ್ದು ನೆನಪಾಗಿ ನಗು ನಿಂತಿತು. ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಆಫೀಸಿನ ರೀತಿ ರಿವಾಜು ನನಗೆ ಗೊತ್ತು. ಸಿಪಾಯಿಗಳ ಕಲ್ಲಾದರೆ ಅದು ಇತಿಹಾಸ, ಸುತ್ತ ಸರಪಳಿ ಹಾಕಿ ಫಲಕ ನಿಲ್ಲಿಸುತ್ತಾರೆ. ಹೊಲ ಇಲ್ಲದವರು ಉಂಡು ಹೋದ ಕಲ್ಲಾದರೆ ಅತಿಕ್ರಮಣ, ಕಿತ್ತು ಹಾಕುತ್ತಾರೆ. ಸುಮ್ಮನಿದ್ದರೆ ಅಪ್ಪ ಆರಿಸಿದ ಕಲ್ಲಾದರೂ ಉಳಿಯುತ್ತವೆ. ಸುಮ್ಮನೆ ಮನೆಗೆ ಬಂದೆ.

ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈಯಲ್ಲಿಯ ಹಿಟ್ಟು ಮುಖಕ್ಕೆ ಹತ್ತುವಂತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅಯ್ಯ, ನಾ ಸಿಪಾಯಿ ಆದ್ನೇನ! ನಿಮ್ಮಪ್ಪ ಸುಬೇದಾರ!" ನಗು ಮುಗಿದ ಮೇಲೆ ಕೇಳಿದಳು, "ಸರಪಳಿ ಹಾಕಿದ ಮ್ಯಾಲ ಒಳಗ ಬಿಡ್ತಾರೇನು?"

"ಇಲ್ಲ ಯವ್ವಾ. ದೂರಿಂದ ನೋಡಬೇಕು."

"ಮತ್ತ ಅವು ಕಲ್ಲು ತಗೊಂಡು ನಾ ಏನ್ ಮಾಡ್ಲಿ? ಕಲ್ಲು ಹೋದ್ರ ಬ್ಯಾರೆ ಕಲ್ಲು ಸಿಗ್ತಾವ. ನಾ ಸುತ್ತ ಹಾಕಬೇಕು ಬೇ. ಸಾಯೂದ್ರೊಳಗ ಒಮ್ಮೆ ಚಾಂದಮಾರಿಗಿ ಚರಗ ಚೆಲ್ಲಿ ಬರಬೇಕು. ಕೇಳೂದಿದ್ರ ಅದನ್ನ ಕೇಳು, ಕಲ್ಲಿನ ಮಾತ ಬಿಡು."

ಮುಂದಿನ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಐದು ಕಲ್ಲು, ಸುಣ್ಣ, ಭಜ್ಜಿ, ಖಾಲಾನ ಖಿಚಡಿ, ಎಲ್ಲ. ಹಿರಿಯರ ಮುಖ ಮೊದಲು ಕೆಂಪಾಯಿತು, ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. "ಎಂತ ಕತೆ ಮಾರಾಯ್ರೆ, ಫಲಕಕ್ಕೆ ಬರೆಸಿ ಸಹ ಆಗಿತ್ತು!" ಎಂದರು. ಒಬ್ಬರು ಅತಿಕ್ರಮಣದ ಮಾತು ತೆಗೆದರು. ಹಿರಿಯರು ಅವರ ಬಾಯಿ ಮುಚ್ಚಿಸಿ, "ಈ ಹುಲ್ಲಿನ ಬೀಜ ಇಷ್ಟು ವರ್ಷ ಉಳಿದದ್ದು ಇವರೆಲ್ಲ ಉಳದೆ, ಸುಡದೆ, ಬರೀ ಉಣಿಸಿ ಹೋದದ್ದಕ್ಕೆ" ಎಂದರು. ಅವರ ಮೇಲೆ ನನಗೆ ಆ ಹೊತ್ತಿಗೆ ಹುಟ್ಟಿದ ಅಕ್ಕರೆ ಇವತ್ತಿಗೂ ಕಡಿಮೆಯಾಗಿಲ್ಲ.

ಆಮೇಲೆ ಅವರೇ ಕೇಳಿದರು, "ನಿಮ್ಮ ತಾಯಿ ಈ ವರ್ಷವೇ ಬರಬಹುದಾ ಮೇಡಂ? ನೀವೇ ಹೇಳಿ, ಮಣ್ಣಿನ ಪರೀಕ್ಷೆ ನೋಡಿದವರು ನೀವು."

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ದಿಬ್ಬದ ಮಣ್ಣಿನಲ್ಲಿ ಸೀಸ ಇನ್ನೂ ಇತ್ತು. ಜಾಲಿ ಮೊದಲು ಕಿತ್ತ ಕಡೆ ಬಿತ್ತಿದ ಹುಲ್ಲು ಕೂಸಿನ ಕೂದಲಿನಷ್ಟು ಎದ್ದಿತ್ತು. ಅದು ಬೇರು ಬಿಟ್ಟು, ತೆನೆ ಹೊತ್ತು, ಬೀಜ ಉದುರಿಸುವವರೆಗೆ ಯಾರೂ ಕಾಲಿಡಬಾರದು. ಅವ್ವನ ಕಾಲೂ ಕಾಲೇ. "ಆಗೂದಿಲ್ರಿ" ಎಂದೆ. "ನಾಲ್ಕೈದು ವರ್ಷ ಬೇಕಾಗ್ತದ." ಹೇಳಿದ್ದು ಸರಿಯೇ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಅವತ್ತು ಮನೆಗೆ ಹೋಗುವ ಹಾದಿ ಬಹಳ ಉದ್ದವಾಯಿತು. ಜಾಗ ತೆರೆದ ಮೇಲೆ ಎಳ್ಳಮವಾಸಿಯ ದಿನ ಎಲ್ಲರಿಗೂ ಒಳಗೆ ಬಿಡಬೇಕು, ಚರಗಕ್ಕೆಂದೇ ಒಂದು ಜಾಗ ಇರಬೇಕು ಎಂದು ಒಪ್ಪಿಸಿಕೊಂಡು ಬಂದಿದ್ದೆ. ಅವ್ವನ ಮುಂದೆ ಅದನ್ನೇ ದೊಡ್ಡದು ಮಾಡಿ ಹೇಳಿದೆ.

"ನಾಲ್ಕೈದು ವರ್ಷ" ಎಂದು ಅವ್ವ ಮೊಣಕಾಲು ತಿಕ್ಕಿಕೊಂಡಳು. "ಇವು ತಡೀತಾವೋ ಇಲ್ಲೋ."

ಮರುದಿನ ಸಂಜೆ ಮನೆಗೆ ಬಂದರೆ ಅವ್ವ ಇಲ್ಲ. ಹುಡುಕಿದರೆ ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ, ಗೋಡೆ ಹಿಡಿದುಕೊಂಡು ಸುತ್ತು ಹಾಕುತ್ತಿದ್ದಳು. ಏನು ನಡೆದಿದೆ ಎಂದರೆ, "ಕಾಲ ರೂಢಿ ಮಾಡಾಕತ್ತೇನಿ. ಕುಂತ್ರ ಕುಂತೇ ಬಿಡ್ತಾವ" ಎಂದಳು. ಆಮೇಲೆ ಅದು ದಿನದ ಕೆಲಸವಾಯಿತು. ಕೆಳಗಿನ ಮನೆಯವರು ಅಜ್ಜಿಗೆ ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡರು. ಪ್ರತಿ ಎಳ್ಳಮವಾಸಿಗೂ ಕೇಳುತ್ತಿದ್ದಳು, "ತೆರದ್ರೇನು?" ನಾನು ಇಲ್ಲ ಎನ್ನುತ್ತಿದ್ದೆ. ಆಫೀಸಿನಲ್ಲಿ ಹುಲ್ಲಿನ ಫೋಟೊ ಬಂದಾಗಲೆಲ್ಲ ಮೊಬೈಲಿನಲ್ಲಿ ಅವಳಿಗೆ ತೋರಿಸುತ್ತಿದ್ದೆ. ಅವಳು ಬೆರಳಿನಿಂದ ಪರದೆ ಸವರಿ, "ಇನ್ನ ಗಿಡ್ಡ ಅದ" ಎನ್ನುತ್ತಿದ್ದಳು. ಕಾಯುವುದರಲ್ಲಿ ಅವಳಿಗೆ ನನಗಿಂತ ಹೆಚ್ಚು ತಾಳ್ಮೆ. ನನಗೆ ಪ್ರತಿ ಚಳಿಗಾಲ ಒಂದೇ ಅಂಜಿಕೆ, ಇವಳಿಗೆ ಏನಾದರೂ ಆದರೆ ನಾನು ಹೇಳಿದ ಆ ಒಂದು "ಆಗೂದಿಲ್ರಿ" ನನ್ನ ಜೊತೆಗೇ ಉಳಿಯುತ್ತದಲ್ಲ ಎಂದು.

ಹೋದ ಎಳ್ಳಮವಾಸಿಗೆ ತೆರೆದರು.

ಅವ್ವ ನಸುಕಿನಲ್ಲೇ ಎದ್ದು ಎಲ್ಲ ಮಾಡಿದಳು, ನನಗೆ ಕಡಬು ಮುಟ್ಟಲೂ ಬಿಡಲಿಲ್ಲ. ಇಳಕಲ್ಲ ಸೀರೆ ಉಟ್ಟು, ಹೊಸ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಅಫಜಲಪುರ ದಾಟಿ, ಕಬ್ಬಿನ ಗಾಡಿಗಳ ಹಿಂದೆ ತೆವಳಿ, ದಂಡೆಯ ಹಾದಿ ಹಿಡಿದಾಗ ಅವಳು ಕಿಟಕಿಯ ಗಾಜು ಇಳಿಸಿದಳು. ಹುಲ್ಲು ಕಂಡಿತು. ಬೋರೆಯ ತುಂಬ, ಸೊಂಟದೆತ್ತರ, ಗಾಳಿಗೆ ಒಂದೇ ಕಡೆ ವಾಲಿ ಏಳುವ ಆ ಹಳದಿ ಹುಲ್ಲು. ಚಿಗರಿ ಜಿಂಕೆಗಳು ಮತ್ತೆ ಬಂದಿವೆ ಎಂದು ಕಾವಲಿನವನು ಹೇಳಿದ. ಅವ್ವ ನನ್ನ ಮೊಣಕೈ ಹಿಡಿದುಕೊಂಡಳು. ನಾವು ಮಾಡಿದ ಕೆಲಸ ಚೆನ್ನಾಗಿದೆ ಎಂದು ನನಗೆ ಅಷ್ಟು ಖಾತ್ರಿಯಾಗಿ ಹಿಂದೆ ಎಂದೂ ಅನಿಸಿರಲಿಲ್ಲ.

ಮಂದಿ ಬಂದಿದ್ದರು. ಬಹಳ ಮಂದಿ. ನಮ್ಮ ಓಣಿಯವರಷ್ಟೇ ಅಲ್ಲ, ಸ್ವಂತ ಹೊಲ ಇದ್ದವರೂ ತಮ್ಮ ಹೊಲ ಬಿಟ್ಟು ಕಾರು, ಟ್ರ್ಯಾಕ್ಟರು ಮಾಡಿಕೊಂಡು ಬಂದಿದ್ದರು. ಯಾಕೆ ಬರಬಾರದು, ಅಷ್ಟು ಚೆಂದ ಆಗಿದೆ. ಯಾವ ಮನೆಯವರು ಒಂದು ಕಾಲಕ್ಕೆ ನಮ್ಮನ್ನು ಬೇವಿನ ಗಿಡದ ಆಚೆ ಕೂಡಿಸುತ್ತಿದ್ದರೋ ಆ ಮನೆಯ ಸೊಸೆ ಕೋಣೆಗಳ ಮುಂದಿನ ಫರಸಿಯ ಮೇಲೆ ನಮ್ಮ ಪಕ್ಕದಲ್ಲೇ ಕೂತು, "ತಗೋರಿ ಅಜ್ಜಿ, ನಮ್ಮ ಹೋಳಿಗಿ ರುಚಿ ನೋಡ್ರಿ" ಎಂದು ಅವ್ವನ ಕೈಗೆ ಇಟ್ಟಳು. ಅವ್ವ ಅವಳ ಮುಖವನ್ನೇ ನೋಡುತ್ತ ಪೂರ್ತಿ ಹೋಳಿಗೆ ತಿಂದಳು, ತನ್ನ ಭಜ್ಜಿ ಅವಳಿಗೆ ಬಡಿಸಿದಳು. ಅಪ್ಪ ಇರಬೇಕಾಗಿತ್ತು ಎನಿಸಿತು. ಇದ್ದಿದ್ದರೆ ಖುಷಿಪಡುತ್ತಿದ್ದನೋ, ಇಷ್ಟು ದಿನ ಎಲ್ಲಿ ಹೋಗಿದ್ರಿ ಎಂದು ಜಗಳ ತೆಗೆಯುತ್ತಿದ್ದನೋ, ಹೇಳಲಾರೆ.

ಅವ್ವ ಬುಟ್ಟಿ ಎತ್ತಿಕೊಂಡು ಎದ್ದಳು. ಕೋಣೆಗಳ ಪಕ್ಕದಿಂದ ಹುಲ್ಲಿಗೆ ಇಳಿಯಲು ಹೋದಳು. ಕಾವಲಿನವನು ಓಡಿ ಬಂದ. ಒರಟಾಗೇನೂ ಹೇಳಲಿಲ್ಲ. "ಅಜ್ಜಿ, ಹುಲ್ಲಾಗ ಇಳೀಬ್ಯಾಡ್ರಿ. ಬೀಜ ಉದರೂ ಹೊತ್ತದ. ಚರಗ ಅಲ್ಲಿ ಚೆಲ್ರಿ" ಎಂದು ಕೈ ತೋರಿಸಿದ.

ಅಲ್ಲಿ ಕಲ್ಲಿನ ಅಂಚು ಕಟ್ಟಿದ ಒಂದು ಚೌಕ ಇತ್ತು, ಒಂದು ಸಣ್ಣ ಅಂಗಳದಷ್ಟು. ಪಕ್ಕದಲ್ಲಿ ಫಲಕ, 'ಚರಗ ಇಲ್ಲಿ ಚೆಲ್ಲಿರಿ'. ಮಂದಿ ಸಾಲಾಗಿ ನಿಂತು ಒಂದೊಂದು ಹಿಡಿ ಹಾಕಿ ಕೈ ಮುಗಿದು ಮುಂದೆ ಹೋಗುತ್ತಿದ್ದರು. ಆ ಚೌಕ ನಾನೇ ಬರೆದದ್ದು, ಸಭೆಯಲ್ಲಿ ಕಾದಾಡಿ ಗೆದ್ದದ್ದು. ಕಾಗದದ ಮೇಲೆ ಅದು ದೊಡ್ಡದಾಗಿ ಕಂಡಿತ್ತು.

ಅವ್ವ ಚೌಕದ ಮುಂದೆ ನಿಂತು ನೋಡಿದಳು. "ಇಷ್ಟರಾಗ ಸುತ್ತ ಹೆಂಗ ಹಾಕೂದು ಬೇ?"

"ಫರಸಿ ಹಾದಿ ಅದ ಯವ್ವಾ, ಅದ್ರ ಮ್ಯಾಲ ಪೂರಾ ಸುತ್ತ ಹಾಕಬಹುದು. ಆಮ್ಯಾಲ ಬಂದು ಇಲ್ಲಿ ಚೆಲ್ಲು."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಕಾಲುದಾರಿ ಹಿಡಿದಳು. ನಾನು ಹಿಂದೆ. ನದಿಯ ಅಂಚಿಗೆ ಹೋದೆವು, ದಿಬ್ಬ ಬಳಸಿದೆವು, ಹುಲ್ಲಿನ ನಡುವೆ ಕಟ್ಟೆಗಳ ಮೇಲೆ ಐದೈದು ಕಲ್ಲು ಹಾಗೇ ಇದ್ದದ್ದು ಕಂಡಿತು. ಮಾಳಿಗೆಯ ಮೇಲೆ ರೂಢಿ ಮಾಡಿದ ಕಾಲು ಕೈಕೊಡಲಿಲ್ಲ, ಒಂದು ಕಡೆಯೂ ಕೂಡಲಿಲ್ಲ. ಎದುರಿಗೆ ಫೋನು ಹಿಡಿದು ಬರುತ್ತಿದ್ದವರಿಗೆ ನಾವು ಹಾದಿ ಬಿಟ್ಟೆವು, ನಮಗೆ ಕೆಲವರು ಬಿಟ್ಟರು. ಪೂರ್ತಿ ಸುತ್ತಿನಲ್ಲಿ ಅವಳ ಬುಟ್ಟಿಯಿಂದ ಒಂದು ಅಗುಳೂ ಬೀಳಲಿಲ್ಲ. ಹಿಂದೆ ನಡೆಯುತ್ತ ನಾನು ಆ ತುಂಬಿದ ಬುಟ್ಟಿಯನ್ನೇ ನೋಡುತ್ತಿದ್ದೆ, ನನಗೆ ಅಳು ಬರುತ್ತಿತ್ತು.

ಸುತ್ತು ಮುಗಿದ ಮೇಲೆ ಚೌಕದ ಹತ್ತಿರ ನಿಂತು ಕೇಳಿದಳು, "ಇದು ಈಗ ಯಾರದು?"

"ಎಲ್ಲಾರದು ಯವ್ವಾ."

"ಛಲೋ ಆತು" ಎಂದಳು. ಮನಸ್ಸಿನಿಂದಲೇ ಎಂದಳು, ಅವಳ ಮಾತು ನನಗೆ ಗೊತ್ತಾಗುತ್ತದೆ. "ಯಾರದೂ ಅಲ್ಲ ಅಂತ ಇದ್ದಾಗ ನಮ್ಮದಿತ್ತು ನೋಡು" ಎಂದಳು. ಬುಟ್ಟಿಯೊಳಗಿನದನ್ನು ಚೌಕಕ್ಕೆ ಹಾಕಲಿಲ್ಲ. ಕಾವಲಿನವನಿಗೆ, ಅವನ ಹೆಂಡತಿಗೆ, ಕಸ ಆರಿಸುತ್ತಿದ್ದ ಹೆಣ್ಣುಮಕ್ಕಳಿಗೆ ಎಲೆಯ ಮೇಲೆ ಬಡಿಸಿ, ಉಂಡರೋ ಇಲ್ಲವೋ ನೋಡಿ ಬಂದಳು.

ತಿರುಗಿ ಬರುವಾಗ ಅವ್ವ ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಕಲಬುರಗಿ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೇ ನನ್ನ ಭುಜ ತಟ್ಟಿದಳು.

"ಬ್ಯಾಸರ ಮಾಡ್ಕೋಬ್ಯಾಡ. ಛಂದ ಮಾಡೀರಿ ನೀವು, ನಿಮ್ಮಪ್ಪ ನೋಡಬೇಕಿತ್ತು. ಮುಂದಿನ ವರ್ಷಕ್ಕ ಯಾರಿಗೂ ಬ್ಯಾಡಾದ ಜಾಗ ಒಂದು ನೋಡು. ಸಣ್ಣದಿದ್ರೂ ನಡೀತದ. ಕಾಲ ಇನ್ನ ಗಟ್ಟಿ ಅದಾವ."

ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನ ಪಾಳು ನೆಲದ ನಕ್ಷೆಗಳು ನನ್ನ ಮೇಜಿನ ಮೇಲೆಯೇ ಇವೆ. ಮುಂದೆ ಯಾವುದನ್ನು ಕೈಗೆತ್ತಿಕೊಳ್ಳೋಣ ಎಂದು ಹಿರಿಯರು ವಾರಕ್ಕೊಮ್ಮೆ ಕೇಳುತ್ತಾರೆ. ಸಂಜೆ ಎಲ್ಲರೂ ಹೋದ ಮೇಲೆ ನಾನು ಅವನ್ನು ಬಿಚ್ಚಿಕೊಂಡು ಕೂಡ್ರುತ್ತೇನೆ. ಜೇವರ್ಗಿಯ ಕಡೆ, ಭೀಮೆ ಒಂದು ಕಡೆ ತಿರುಗುವಲ್ಲಿ, ಯಾರೂ ಉಳದ, ಯಾರೂ ಕೇಳದ ಒಂದು ತುಂಡು ನೆಲ ಕಂಡಿದೆ. ಹೋಗಿ ನೋಡಿಯೂ ಬಂದೆ, ಸುತ್ತು ಹಾಕಲು ಸಾಕಾಗುತ್ತದೆ. ಆಫೀಸಿನಲ್ಲಿ ಹೇಳಿಲ್ಲ.